ದುರ್ವಾಸನೆಯ ಸೋರುಗಿವಿ: ಕೊಲೆಸ್ಟಿಯಟೋಮದ ಕಾರಣ, ಪತ್ತೆ, ಚಿಕಿತ್ಸೆ ಹಾಗೂ ಗ್ರಾಮ ಪಂಚಾಯತಿಯ ಕರ್ತವ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ



ಗ್ರಾಮ ಪಂಚಾಯತಿಯ ಸಭೆಗೆ ಬರುವ ಅಹವಾಲುಗಳಲ್ಲಿ ಕುಡಿಯುವ ನೀರು, ರಸ್ತೆ, ಚರಂಡಿ, ಬೀದಿದೀಪ ಮತ್ತು ಉದ್ಯೋಗ ಖಾತ್ರಿಯ ಕೂಲಿಯ ವಿಷಯಗಳೇ ಬಹುಪಾಲು. ಮಗುವಿನ ಕಿವಿ ಸೋರುತ್ತಿದೆ ಎಂಬ ಅಹವಾಲು ಸಭಾ ನಡಾವಳಿಯಲ್ಲಿ ದಾಖಲಾಗುವುದು ತೀರ ವಿರಳ. ಕಿವಿ ಸೋರುವುದನ್ನು ಜನರು ಕಾಯಿಲೆಯೆಂದೇ ಎಣಿಸುವುದಿಲ್ಲ. ‘ಶೀತದ ಕಿವಿ, ದೊಡ್ಡವನಾದರೆ ತಾನೇ ನಿಲ್ಲುತ್ತದೆ’ ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಅನೇಕ ಮಕ್ಕಳಲ್ಲಿ ಅದು ನಿಲ್ಲುವುದೂ ಉಂಟು. ನಿಲ್ಲದ ಕೆಲವು ಕಿವಿಗಳ ಒಳಗೆ ಎಲುಬನ್ನು ಸವೆಸುವ ಒಂದು ರೋಗವು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಅದರ ಹೆಸರು ಕೊಲೆಸ್ಟಿಯಟೋಮ.

ಮೈಲಾರದ ಕಾರ್ಣಿಕೋತ್ಸವದಲ್ಲಿ ಗೊರವಯ್ಯನು ನುಡಿಯುವ ಒಂದೇ ಒಂದು ವಾಕ್ಯಕ್ಕಾಗಿ ಅಪಾರ ಜನಸ್ತೋಮವು ಮೌನವಾಗಿ ಕಿವಿಗೊಟ್ಟು ನಿಲ್ಲುವ ನಾಡು ಇದು. ಅಂಥ ನಾಡಿನಲ್ಲಿ ತಡೆಯಬಹುದಾದ ಕಾರಣಕ್ಕೆ ಒಂದು ಮಗುವು ಶ್ರವಣಶಕ್ತಿಯನ್ನೋ ಪ್ರಾಣವನ್ನೋ ಕಳೆದುಕೊಳ್ಳಬಾರದು. ಈ ಉಪನ್ಯಾಸದ ಸಾರವನ್ನು ಆರಂಭದಲ್ಲಿಯೇ ಹೇಳುವುದಾದರೆ, ದುರ್ವಾಸನೆಯಿಂದ ಸೋರುವ ಕಿವಿಯನ್ನು ಔಷಧದ ಹನಿಯಿಂದ ಒಣಗಿಸಿ ಸುಮ್ಮನಾಗುವಂತಿಲ್ಲ. ಅದನ್ನು ಕಿವಿ, ಮೂಗು, ಗಂಟಲು ತಜ್ಞರು ಒಮ್ಮೆ ಕಣ್ಣಾರೆ ನೋಡಲೇಬೇಕು. ಆ ಒಂದು ನೋಟದವರೆಗೆ ರೋಗಿಯನ್ನು ತಲುಪಿಸುವ ಕಾರ್ಯದಲ್ಲಿ ಗ್ರಾಮ ಪಂಚಾಯತಿಗೆ ಸ್ಪಷ್ಟವಾದ ಪಾತ್ರವಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರು ದೀರ್ಘಕಾಲ ಸೋರುವ ಕಿವಿಯಿಂದ ಬಳಲುತ್ತಿದ್ದು, ಅವರಲ್ಲಿ ಶೇ 60ರಷ್ಟು ಮಂದಿಗೆ ಗಣನೀಯ ಶ್ರವಣದೋಷ ಉಂಟಾಗಿರುತ್ತದೆ. ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳ ಗುಂಪಿನಲ್ಲಿ ಆ ವರದಿಯು ಭಾರತವನ್ನೂ ಸೇರಿಸಿದೆ. ಸೋರುವ ಕಿವಿಗಳೆಲ್ಲವೂ ಕೊಲೆಸ್ಟಿಯಟೋಮವಲ್ಲ. ಅವುಗಳಲ್ಲಿ ಅಲ್ಪಭಾಗ ಮಾತ್ರ ಈ ರೋಗಕ್ಕೆ ಸೇರಿದವು. ಆದರೆ ಆ ಅಲ್ಪಭಾಗ ಯಾವುದೆಂದು ಹೊರಗಿನಿಂದ ನಿಶ್ಚಯವಾಗಿ ಹೇಳಲಾಗದಿರುವುದೇ ಕಷ್ಟ.

ರೋಗದ ಹೆಸರು ಮತ್ತು ಸ್ವರೂಪ

ಈ ರೋಗವನ್ನು ಫ್ರಾನ್ಸಿನ ಕ್ರೂವೆಲ್ಯೇ ಎಂಬ ವೈದ್ಯರು 1829ರಲ್ಲಿ ಮುತ್ತಿನಂತೆ ಹೊಳೆಯುವ ಗಂಟು ಎಂದು ವರ್ಣಿಸಿದರು. ಜರ್ಮನಿಯ ಯೊಹಾನೆಸ್ ಮ್ಯೂಲರ್ ಅವರು 1838ರಲ್ಲಿ ಕೊಲೆಸ್ಟಿಯಟೋಮ ಎಂಬ ಹೆಸರನ್ನಿಟ್ಟರು. ಹೆಸರು ಉಳಿಯಿತಾದರೂ ಅದು ರೋಗಕ್ಕೆ ಒಪ್ಪುವಂಥದ್ದಲ್ಲ. ರಕ್ತದ ಕೊಲೆಸ್ಟರಾಲಿಗೂ ಇದಕ್ಕೂ ಸಂಬಂಧವಿಲ್ಲ; ಎಣ್ಣೆ, ತುಪ್ಪ ಬಿಟ್ಟರೆ ಇದು ವಾಸಿಯಾಗುವುದಿಲ್ಲ. ಇದು ಕ್ಯಾನ್ಸರ್ ಕೂಡ ಅಲ್ಲ. ದೇಹದ ಬೇರೆ ಭಾಗಗಳಿಗೆ ಹರಡುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇರಬಾರದ ಸ್ಥಳದಲ್ಲಿ ಬೆಳೆದ ಚರ್ಮವೇ ಈ ರೋಗದ ಮೂಲ.

ಮನುಷ್ಯನ ಚರ್ಮವು ಪ್ರತಿದಿನವೂ ತನ್ನ ಮೇಲ್ಪದರವನ್ನು ಸತ್ತ ಹೊಟ್ಟಾಗಿ ಕಳಚುತ್ತದೆ. ಹೊರಕಿವಿಯ ನಾಳದಲ್ಲಿ ಈ ಹೊಟ್ಟು ಗುಗ್ಗೆಯೊಡನೆ ಬೆರೆತು ತಾನಾಗಿ ಹೊರಗೆ ಸರಿಯುತ್ತದೆ. ಕಿವಿಯ ತಮಟೆಯ ಹಿಂದೆ ಮಧ್ಯಕಿವಿ ಎಂಬ ಗಾಳಿ ತುಂಬಿದ ಸಣ್ಣ ಕೋಣೆಯಿದೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಅಲ್ಲಿದ್ದು, ತಮಟೆಯ ಕಂಪನವನ್ನು ಒಳಕಿವಿಗೆ ಸಾಗಿಸುತ್ತವೆ. ಈ ಕೋಣೆಯಲ್ಲಿ ಹೊಟ್ಟು ಕಳಚುವ ಬಗೆಯ ಚರ್ಮ ಇರತಕ್ಕದ್ದಲ್ಲ. ಅದು ಅಲ್ಲಿಗೆ ಸೇರಿದಾಗ ಕಳಚಿದ ಹೊಟ್ಟಿಗೆ ಹೊರದಾರಿ ಇಲ್ಲದೆ ಚೀಲದಂತೆ ಗಂಟುಗಟ್ಟುತ್ತದೆ. ಗಂಟಿನಲ್ಲಿ ರೋಗಾಣುಗಳು ಸೇರಿ ಕೊಳೆತು ದುರ್ವಾಸನೆ ಹುಟ್ಟುತ್ತದೆ. ಗಂಟಿನ ಹೊರಪದರದಲ್ಲಿ ಉಂಟಾಗುವ ಉರಿಯೂತವು ಎಲುಬನ್ನು ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತದೆ. ಹೀಗೆ ರೋಗವು ತಿಂಗಳು, ವರ್ಷಗಳ ಕಾಲ ಸುತ್ತಲಿನ ಎಲುಬನ್ನು ಸವೆಸುತ್ತ ಸಾಗುತ್ತದೆ.

ಕಾರಣಗಳು

ಕಾರಣವನ್ನು ತಿಳಿಯಲು ಕುಡಿಯುವ ನೀರಿನ ವ್ಯವಸ್ಥೆಯ ಉದಾಹರಣೆಯು ಸದಸ್ಯರಿಗೆ ಸಹಾಯಕವಾಗುವುದು. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಗಾಳಿಯಾಡುವ ದಾರಿ ಮುಚ್ಚಿಹೋಗಿದ್ದು, ಕೆಳಗಿನಿಂದ ನೀರು ಖಾಲಿಯಾಗುತ್ತ ಬಂದರೆ ಟ್ಯಾಂಕಿನ ಗೋಡೆ ಒಳಕ್ಕೆ ಕುಸಿಯುತ್ತದೆ. ಮಧ್ಯಕಿವಿಗೂ ಇಂಥದೊಂದು ಗಾಳಿದಾರಿ ಇದೆ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಆ ಕೊಳವೆಗೆ ಯೂಸ್ಟೇಷಿಯನ್ ನಾಳ ಎಂದು ಹೆಸರು. ಉಗುಳು ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಂಡು ಒಳಗಿನ ಹಾಗೂ ಹೊರಗಿನ ಒತ್ತಡವನ್ನು ಸಮನಾಗಿಸುತ್ತದೆ. ಪದೇಪದೇ ಶೀತ, ಅಲರ್ಜಿ, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯ ಊತ ಮುಂತಾದ ಕಾರಣಗಳಿಂದ ಆ ನಾಳವು ಬಹುಕಾಲ ಸರಿಯಾಗಿ ತೆರೆಯದಿದ್ದರೆ, ಮಧ್ಯಕಿವಿಯ ಒತ್ತಡ ಇಳಿದು ತಮಟೆಯ ಅತಿ ಮೃದುವಾದ ಮೇಲ್ಭಾಗವು ಒಳಕ್ಕೆ ಸೆಳೆಯಲ್ಪಡುತ್ತದೆ. ಅಲ್ಲೊಂದು ಜೇಬು ಉಂಟಾಗಿ, ಚರ್ಮದ ಹೊಟ್ಟು ಅದರಲ್ಲಿ ಸಿಕ್ಕಿಕೊಂಡು ಬೆಳೆಯುತ್ತದೆ. ಕೊಲೆಸ್ಟಿಯಟೋಮವು ಹುಟ್ಟುವ ಮುಖ್ಯ ಬಗೆ ಇದೇ.

ಎರಡನೆಯದಾಗಿ, ಹಳೆಯ ಸೋಂಕಿನಿಂದ ತಮಟೆಯಲ್ಲಿ, ವಿಶೇಷವಾಗಿ ಅದರ ಅಂಚಿನಲ್ಲಿ, ತೂತಾದಾಗ ಹೊರನಾಳದ ಚರ್ಮವು ಆ ತೂತಿನ ಮೂಲಕ ಒಳಗೆ ಬೆಳೆಯಬಹುದು. ಮೂರನೆಯದಾಗಿ, ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಇದು ಹುಟ್ಟಿನಿಂದಲೇ ಇರುತ್ತದೆ. ಅಂಥವರ ತಮಟೆಯು ತೂತಿಲ್ಲದೆ ಸರಿಯಾಗಿದ್ದು, ಅದರ ಹಿಂದೆ ಬಿಳಿಯ ಗಂಟು ಕಾಣುತ್ತದೆ.

ಚಿಕ್ಕ ಮಕ್ಕಳ ಯೂಸ್ಟೇಷಿಯನ್ ನಾಳವು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಅವರಲ್ಲಿ ಕಿವಿಯ ಸೋಂಕು ಹೆಚ್ಚು. ಸೀಳಂಗುಳ ಇರುವ ಮಕ್ಕಳಲ್ಲಿ ಆ ನಾಳವನ್ನು ತೆರೆಯುವ ಸ್ನಾಯುಗಳೇ ದುರ್ಬಲವಾಗಿರುವುದರಿಂದ ಅವರ ಕಿವಿಗಳನ್ನು ನಿಯತವಾಗಿ ಪರೀಕ್ಷಿಸಬೇಕು. ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಹಾಗೂ ಮಗುವನ್ನು ಮಲಗಿಸಿಯೇ ಬಾಟಲಿಯಿಂದ ಹಾಲು ಕುಡಿಸುವ ರೂಢಿ ಮಧ್ಯಕಿವಿಯ ಸೋಂಕಿಗೆ ಪೋಷಕವಾಗಿವೆ. ಎದೆಹಾಲುಣಿಸುವುದು, ದಡಾರ ಲಸಿಕೆ, ಮತ್ತು ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳುಗಳಲ್ಲಿ ನೀಡುವ ನ್ಯೂಮೊಕಾಕಲ್ ಲಸಿಕೆ ಆ ಸೋಂಕನ್ನು ಕಡಿಮೆ ಮಾಡುತ್ತವೆ.

ಕೆರೆ, ಕಾಲುವೆ, ತುಂಗಭದ್ರೆಯ ಹಿನ್ನೀರಿನಲ್ಲಿ ಈಜುವುದರಿಂದ ಕೊಲೆಸ್ಟಿಯಟೋಮ ಹುಟ್ಟುವುದಿಲ್ಲ. ಆದರೆ ತಮಟೆ ತೂತಾದ ಕಿವಿಗೆ ನೀರು ಹೋದರೆ ಸೋಂಕು ಕೆರಳುತ್ತದೆ. ಕಾಯಿಸಿದ ಬೆಳ್ಳುಳ್ಳಿ ಎಣ್ಣೆ, ಸೊಪ್ಪಿನ ರಸ ಅಥವಾ ಎದೆಹಾಲನ್ನು ಕಿವಿಗೆ ಬಿಡುವುದು, ಪಿನ್ನು ಬೆಂಕಿಕಡ್ಡಿಗಳಿಂದ ಕೆದಕುವುದು, ಜಾತ್ರೆ ಸಂತೆಗಳಲ್ಲಿ ಗುಗ್ಗೆ ತೆಗೆಯುವವರ ಮುಂದೆ ಕಿವಿಯೊಡ್ಡುವುದು ಇವೆಲ್ಲವೂ ಹಾನಿಕರ. ಇವು ಸೋಂಕನ್ನು ಹೆಚ್ಚಿಸುವುದಲ್ಲದೆ, ವೈದ್ಯರು ನೋಡಬೇಕಾದ ಕುರುಹುಗಳನ್ನೂ ಮರೆಮಾಡುತ್ತವೆ.

ಲಕ್ಷಣಗಳು

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಿವಿಯ 28 ರೋಗಗಳನ್ನು ಎಣಿಸುವಾಗ ಕೇವಲ ಸೋರುವ ಕಿವಿಯನ್ನು ಕರ್ಣಸ್ರಾವವೆಂದೂ, ದುರ್ಗಂಧದ ಕಿವಿಯನ್ನು ಪೂತಿಕರ್ಣವೆಂದೂ ಬೇರೆ ಬೇರೆಯಾಗಿ ಹೇಳಲಾಗಿದೆ. ಇಂದಿನ ವೈದ್ಯರೂ ವಾಸನೆಗೆ ಅಷ್ಟೇ ಮಹತ್ವ ಕೊಡುತ್ತಾರೆ. ಶೀತವಾದಾಗ ಧಾರಾಳವಾಗಿ, ಲೋಳೆಯಂತೆ, ವಾಸನೆಯಿಲ್ಲದೆ ಸೋರಿ ಬಳಿಕ ನಿಲ್ಲುವ ಕಿವಿಯು ಸಾಮಾನ್ಯವಾಗಿ ಕಡಿಮೆ ಅಪಾಯದ ಬಗೆಯದು. ಸ್ವಲ್ಪವೇ ಸೋರಿದರೂ ಬಿಡದೆ ಸೋರುವ, ಕೊಳೆತ ವಾಸನೆಯಿರುವ, ಒಮ್ಮೊಮ್ಮೆ ರಕ್ತ ಬೆರೆತಿರುವ ಕೀವು ಕೊಲೆಸ್ಟಿಯಟೋಮದ ಸೂಚನೆ. ಕೇಳಿಸುವುದು ಕ್ರಮೇಣ ಕಡಿಮೆಯಾಗುತ್ತದೆ. ನೋವು ಪ್ರಾಯಶಃ ಇರುವುದಿಲ್ಲ. ನೋವಿಲ್ಲದಿರುವುದೇ ಜನರನ್ನು ಮೋಸಗೊಳಿಸುತ್ತದೆ.

ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳಿಸದ ಮಗುವಿಗೆ ದಡ್ಡತನದ ಹಣೆಪಟ್ಟಿ ಬೀಳುತ್ತದೆ. ವಾಸನೆಯ ಕಾರಣದಿಂದ ಜೊತೆಯ ಮಕ್ಕಳು ಪಕ್ಕದಲ್ಲಿ ಕೂರುವುದಿಲ್ಲ. ಹೆಣ್ಣುಮಗುವಾದರೆ, ಮುಂದೆ ಸಂಬಂಧ ಕೂಡಿಬರಲಾರದೆಂಬ ಅಳುಕಿನಿಂದ ವಿಷಯವನ್ನು ಮುಚ್ಚಿಡುವ ಮನೆಗಳೂ ಉಂಟು. ಮುಚ್ಚಿಟ್ಟಷ್ಟೂ ರೋಗ ಮುಂದುವರಿಯುತ್ತದೆ.

ಅಪಾಯದ ಹಂತ

ರೋಗವು ಮೊದಲು ಮೂರು ಪುಟ್ಟ ಎಲುಬುಗಳನ್ನು ಸವೆಸಿ ಕಿವುಡುತನ ತರುತ್ತದೆ. ಮುಖದ ಸ್ನಾಯುಗಳಿಗೆ ಹೋಗುವ ನರವು ಮಧ್ಯಕಿವಿಯ ಮೂಲಕವೇ ಹಾಯುವುದರಿಂದ, ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಿ ಕಣ್ಣು ಮುಚ್ಚದಂತಾಗುತ್ತದೆ. ಇದನ್ನು ಲಕ್ವವೆಂದು ತಿಳಿದು ಲಕ್ವದ ಔಷಧ ಕೊಡುವವರ ಊರಿಗೆ ರೋಗಿಯನ್ನು ಕರೆದೊಯ್ದರೆ, ನರವನ್ನು ಉಳಿಸಬಹುದಾದ ದಿನಗಳು ಕಳೆದುಹೋಗುತ್ತವೆ. ಸಮತೋಲನವನ್ನು ಕಾಯುವ ಒಳಕಿವಿಯ ಅರ್ಧವೃತ್ತ ನಾಳವು ಸವೆದರೆ ತಲೆ ತಿರುಗುತ್ತದೆ. ಸೋಂಕು ಒಳಕಿವಿಯನ್ನೇ ಹೊಕ್ಕರೆ ಪೂರ್ಣ ಕಿವುಡು ಉಂಟಾಗುತ್ತದೆ. ಕಿವಿಯ ಹಿಂದಿನ ಎಲುಬಿನಲ್ಲಿ ಕೀವು ತುಂಬಿದರೆ ಅಲ್ಲಿ ಬಾವು ಏಳುತ್ತದೆ. ಮಧ್ಯಕಿವಿಯ ಮೇಲ್ಛಾವಣಿ ತೆಳುವಾದ ಎಲುಬಾಗಿದ್ದು, ಅದರ ಮೇಲೆಯೇ ಮಿದುಳು ಇದೆ. ಆ ಛಾವಣಿ ಸವೆದರೆ ಮಿದುಳಿನ ಪೊರೆಯ ಉರಿಯೂತ ಅಥವಾ ಮಿದುಳಿನಲ್ಲಿಯೇ ಕೀವುಗಡ್ಡೆ ಉಂಟಾಗಬಹುದು. ಇವೆರಡೂ ಪ್ರಾಣಾಪಾಯಕರ.

ಸೋರುವ ಕಿವಿಯ ಅಪಾಯಕ್ಕೆ ವಿದ್ಯೆ, ಅಂತಸ್ತುಗಳ ಭೇದವಿಲ್ಲ. ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡ್ ಅವರ ತಂದೆ ಸರ್ ವಿಲಿಯಂ ವೈಲ್ಡ್ ಡಬ್ಲಿನ್ ನಗರದ ಹೆಸರಾಂತ ಕಿವಿಯ ಶಸ್ತ್ರವೈದ್ಯರು. ಆ ಮಗನೇ ಬಹುಕಾಲದ ಕಿವಿಯ ರೋಗವು ಮಿದುಳಿಗೇರಿ 1900ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅದು ಕೊಲೆಸ್ಟಿಯಟೋಮವೇ ಆಗಿರಬೇಕೆಂದು ನೂರು ವರ್ಷಗಳ ಬಳಿಕ ವೈದ್ಯರು ದಾಖಲೆಗಳ ಆಧಾರದಿಂದ ವಾದಿಸಿದ್ದಾರೆ. ಅಂದು ಪ್ರತಿಜೀವಕ ಔಷಧಗಳಾಗಲಿ ಸೂಕ್ಷ್ಮದರ್ಶಕದ ಶಸ್ತ್ರಚಿಕಿತ್ಸೆಯಾಗಲಿ ಇರಲಿಲ್ಲ. ಇಂದು ಅವೆರಡೂ ಇವೆ. ವಿಳಂಬ ಮಾತ್ರ ಅಂದಿನಂತೆಯೇ ಉಳಿದಿದೆ.

ಆದ್ದರಿಂದ ಸೋರುವ ಕಿವಿಯುಳ್ಳವರಲ್ಲಿ ತೀವ್ರ ತಲೆನೋವು, ಜ್ವರ ಮತ್ತು ವಾಂತಿ, ಕುತ್ತಿಗೆ ಬಿಗಿತ, ಬಾಯಿ ಸೊಟ್ಟಗಾಗುವುದು, ತಲೆ ತಿರುಗಿ ಬೀಳುವುದು, ಕಿವಿಯ ಹಿಂದೆ ಬಾವು, ಮಂಕು ಕವಿಯುವುದು ಅಥವಾ ಫಿಟ್ಸ್ ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಸಾಗಿಸತಕ್ಕದ್ದು. 108 ಆಂಬುಲೆನ್ಸ್ ಸೇವೆ ಇರುವುದು ಇಂಥ ಸಂದರ್ಭಕ್ಕಾಗಿಯೇ.

ಪತ್ತೆ

ರೋಗವನ್ನು ಪತ್ತೆಹಚ್ಚುವ ಮೊದಲ ಹೆಜ್ಜೆ ಸರಳವಾದುದು. ವೈದ್ಯರು ಕಿವಿಯ ಕೀವನ್ನು ಶುಚಿಗೊಳಿಸಿ, ದೀಪವಿರುವ ಆಟೋಸ್ಕೋಪಿನಿಂದಲೂ ಬಳಿಕ ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನಿಂದಲೂ ತಮಟೆಯನ್ನು, ಅದರಲ್ಲಿಯೂ ಮೇಲ್ಭಾಗವನ್ನು, ಪರೀಕ್ಷಿಸುತ್ತಾರೆ. ಬಿಳಿಯ ಹೊಟ್ಟು, ಒಳಸೆಳೆದ ಜೇಬು ಅಥವಾ ಅಂಚಿನ ತೂತು ಕಂಡರೆ ರೋಗದ ಸಂಶಯ ದೃಢವಾಗುತ್ತದೆ. ಕೀವು ತುಂಬಿದ ಕಿವಿಯನ್ನು ಶುಚಿ ಮಾಡದೆ ಹೊರಗಿನಿಂದ ನೋಡಿ ಔಷಧ ಬರೆದರೆ ರೋಗ ತಪ್ಪಿಸಿಕೊಳ್ಳುತ್ತದೆ.

ಅನಂತರ ಶ್ರುತಿಕವೆಯ ಪರೀಕ್ಷೆ ಹಾಗೂ ಆಡಿಯೋಮೆಟ್ರಿಯಿಂದ ಶ್ರವಣದೋಷದ ಬಗೆ ಮತ್ತು ಪ್ರಮಾಣವನ್ನು ಅಳೆಯುತ್ತಾರೆ. ಕಿವಿಯ ಎಲುಬಿನ ಸಿ.ಟಿ. ಸ್ಕ್ಯಾನ್ ರೋಗವು ಎಲ್ಲಿಯವರೆಗೆ ಸವೆಸಿದೆ ಎಂಬುದನ್ನು ತೋರಿಸುತ್ತದೆ. ಮಿದುಳಿಗೆ ಸೋಂಕು ತಗುಲಿದ ಶಂಕೆಯಿದ್ದಾಗ, ಶಸ್ತ್ರಚಿಕಿತ್ಸೆಯ ಬಳಿಕ ರೋಗ ಮರುಕಳಿಸಿದೆಯೇ ಎಂದು ನೋಡುವಾಗ ಎಂ.ಆರ್.ಐ. ಉಪಯುಕ್ತ. ಕೆಲವರಲ್ಲಿ ಗಂಟೇ ಸವೆದ ಎಲುಬಿನ ಸ್ಥಾನದಲ್ಲಿ ನಿಂತು ಧ್ವನಿಯನ್ನು ಸಾಗಿಸುವುದರಿಂದ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಆದುದರಿಂದ ಕೇಳಿಸುತ್ತದೆ ಎಂಬ ಕಾರಣಕ್ಕೆ ರೋಗವಿಲ್ಲವೆಂದು ನಿರ್ಣಯಿಸಲಾಗದು.

ಚಿಕಿತ್ಸೆ

ಪ್ರತಿಜೀವಕ ಹನಿಗಳು ಸೋಂಕನ್ನು ತಗ್ಗಿಸಿ ಕಿವಿಯನ್ನು ತಾತ್ಕಾಲಿಕವಾಗಿ ಒಣಗಿಸುತ್ತವೆ. ಚರ್ಮದ ಗಂಟನ್ನು ಅವು ಕರಗಿಸಲಾರವು. ಔಷಧದಂಗಡಿಯಿಂದ ಹನಿ ತಂದು ಹಾಕಿ, ಒಣಗಿತೆಂದು ಬಿಟ್ಟು, ಮತ್ತೆ ಸೋರಿದಾಗ ಮತ್ತೆ ಅದೇ ಹನಿ ಹಾಕುವ ಪರಿಪಾಠದಲ್ಲಿ ವರ್ಷಗಳು ಉರುಳುತ್ತವೆ. ಕೊಲೆಸ್ಟಿಯಟೋಮಕ್ಕೆ ಪೂರ್ಣ ಪರಿಹಾರ ಶಸ್ತ್ರಚಿಕಿತ್ಸೆಯೇ.

ಅರಿವಳಿಕೆ ನೀಡಿ, ಸಾಮಾನ್ಯವಾಗಿ ಕಿವಿಯ ಹಿಂಬದಿಯಲ್ಲಿ ಕೊಯ್ದು, ಮ್ಯಾಸ್ಟಾಯ್ಡ್ ಎಂಬ ಎಲುಬನ್ನು ಸೂಕ್ಷ್ಮ ಯಂತ್ರದಿಂದ ಕೊರೆದು ಗಂಟನ್ನು ಬೇರುಸಹಿತ ತೆಗೆಯುವ ಈ ಶಸ್ತ್ರಚಿಕಿತ್ಸೆಗೆ ಮ್ಯಾಸ್ಟಾಯ್ಡೆಕ್ಟಮಿ ಎಂದು ಹೆಸರು. ರೋಗದ ಹರವನ್ನು ನೋಡಿ ಹೊರನಾಳದ ಹಿಂಗೋಡೆಯನ್ನು ಉಳಿಸುವ ಇಲ್ಲವೆ ತೆಗೆಯುವ ವಿಧಾನವನ್ನು ವೈದ್ಯರು ನಿರ್ಧರಿಸುತ್ತಾರೆ. ಗೋಡೆಯನ್ನು ಉಳಿಸಿದರೆ ಕಿವಿಯ ಸಹಜ ಆಕಾರ ಉಳಿಯುತ್ತದೆ. ಆದರೆ ರೋಗದ ಕಣ ಉಳಿದಿದೆಯೇ ಎಂದು ನೋಡಲು ಕೆಲವು ತಿಂಗಳ ಬಳಿಕ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಗೋಡೆಯನ್ನು ತೆಗೆದರೆ ರೋಗ ಮರುಕಳಿಸುವ ಸಂಭವ ಕಡಿಮೆ; ಆದರೆ ಅಗಲವಾದ ಕುಳಿಯನ್ನು ಜೀವನಪರ್ಯಂತ ಆಗಾಗ ವೈದ್ಯರಿಂದ ಶುಚಿ ಮಾಡಿಸಿಕೊಳ್ಳಬೇಕಾಗುತ್ತದೆ. ತಮಟೆಗೆ ತೇಪೆ ಹಾಕುವುದು, ಸವೆದ ಎಲುಬಿನ ಸ್ಥಾನದಲ್ಲಿ ಬೇರೊಂದನ್ನು ಕೂಡಿಸುವುದು ಅದೇ ಸಮಯದಲ್ಲಿಯೋ ಮುಂದೆಯೋ ನಡೆಯುತ್ತದೆ.

ಶಸ್ತ್ರಚಿಕಿತ್ಸೆಯ ಪ್ರಥಮ ಉದ್ದೇಶ ಪ್ರಾಣಾಪಾಯವನ್ನು ನಿವಾರಿಸಿ ಕಿವಿಯನ್ನು ಒಣಗಿಸುವುದು. ಶ್ರವಣದ ಸುಧಾರಣೆ ಎರಡನೆಯದು. ಇದನ್ನು ಕುಟುಂಬದವರಿಗೆ ಮೊದಲೇ ತಿಳಿಸದಿದ್ದರೆ, ಕೊಯ್ಸಿದರೂ ಪೂರ್ತಿ ಕೇಳಿಸಲಿಲ್ಲವೆಂಬ ಅಸಮಾಧಾನ ಊರಿನಲ್ಲಿ ಹಬ್ಬಿ, ಮುಂದಿನ ರೋಗಿ ಆಸ್ಪತ್ರೆಗೆ ಹೋಗಲು ಹಿಂಜರಿಯುವಂತಾಗುತ್ತದೆ. ಉಳಿದ ದೋಷಕ್ಕೆ ಶ್ರವಣ ಸಾಧನವಿದೆ. ಶಸ್ತ್ರಚಿಕಿತ್ಸೆಯ ಬಳಿಕ ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗಿಟ್ಟು ನೀರು ಹೋಗದಂತೆ ಕಾಯಬೇಕು. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮರುಪರೀಕ್ಷೆಗೆ ಹೋಗಬೇಕು. ಮಕ್ಕಳಲ್ಲಿ ರೋಗ ಮರುಕಳಿಸುವ ಸಂಭವ ದೊಡ್ಡವರಿಗಿಂತ ಹೆಚ್ಚು.

ಗ್ರಾಮ ಪಂಚಾಯತಿಯ ಕರ್ತವ್ಯ

ಈ ಐದು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ. ಬಿತ್ತನೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಲು ಬಿಡುವಿಲ್ಲ; ಮಳೆ ಕೈಕೊಟ್ಟರೆ ಕುಟುಂಬ ಸಹಿತ ಗುಳೆ ಹೋಗುವುದುಂಟು. ಗುಳೆ ಹೋದ ಮಗು ಶಾಲೆಯ ತಪಾಸಣೆಯ ದಿನ ಊರಿನಲ್ಲಿರುವುದಿಲ್ಲ; ಶಸ್ತ್ರಚಿಕಿತ್ಸೆಯಾದವರ ಮರುಪರೀಕ್ಷೆಯೂ ತಪ್ಪುತ್ತದೆ. ಯಾರು ಯಾವಾಗ ಊರು ಬಿಡುತ್ತಾರೆ, ಯಾವಾಗ ಮರಳುತ್ತಾರೆ ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಿರುವಷ್ಟು ಯಾವ ವೈದ್ಯರಿಗೂ ತಿಳಿದಿರುವುದಿಲ್ಲ. ಪಂಚಾಯತಿಯ ಪಾತ್ರ ಇಲ್ಲಿಂದಲೇ ಆರಂಭವಾಗುತ್ತದೆ.

ಮೊದಲನೆಯದಾಗಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಬಾರಿ ತಪಾಸಿಸುತ್ತವೆ. ಮಧ್ಯಕಿವಿಯ ಸೋಂಕು, ಶ್ರವಣದೋಷ ಎರಡೂ ಆ ತಪಾಸಣೆಯ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಮುಂಚಿತವಾಗಿ ತಿಳಿದು, ಗೈರುಹಾಜರಾದ ಮಕ್ಕಳ ಹೆಸರನ್ನು ಬರೆದಿರಿಸಿ, ಅವರು ಮರಳಿದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸುವ ವ್ಯವಸ್ಥೆ ಮಾಡುವುದು.

ಎರಡನೆಯದಾಗಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಮೂರು ಪ್ರಶ್ನೆಗಳನ್ನು ನಿಯತವಾಗಿ ಕೇಳುವುದು: ಯಾರ ಕಿವಿ ಎರಡು ವಾರ ಮೀರಿ ಸೋರುತ್ತಿದೆ? ಯಾರ ಕಿವಿಯಿಂದ ದುರ್ವಾಸನೆ ಬರುತ್ತಿದೆ? ಅವರನ್ನು ತಜ್ಞರಿಗೆ ತೋರಿಸಲಾಗಿದೆಯೇ? ಮಕ್ಕಳ ಗ್ರಾಮ ಸಭೆಯಲ್ಲಿ ಪಾಠ ಸರಿಯಾಗಿ ಕೇಳಿಸದ ಮಕ್ಕಳ ವಿಷಯವನ್ನು ಚರ್ಚಿಸುವುದು. ಆದರೆ ಯಾವುದೇ ಮಗುವಿನ ಹೆಸರನ್ನು ಸಭೆಯಲ್ಲಿ ಬಹಿರಂಗಪಡಿಸಬಾರದು.

ಮೂರನೆಯದಾಗಿ, ಚಿಕಿತ್ಸೆಯ ದಾರಿಯನ್ನು ಸ್ಪಷ್ಟಪಡಿಸುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ವೈದ್ಯಕೀಯ ಕಾಲೇಜಿಗೆ ಎಂಬುದು ಸಾಮಾನ್ಯ ಕ್ರಮ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಜನರಿಗೆ ವಿಮ್ಸ್ ಎಂದು ರೂಢಿಯಾಗಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಪರಿಚಿತ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದರೂ ಅಲ್ಲಿಯ ಜನರಿಗೆ ಇಂದಿಗೂ ದಾವಣಗೆರೆಯೇ ಹತ್ತಿರ. ಹಡಗಲಿಯ ಕಡೆಯವರಿಗೆ ಗದಗ, ಹುಬ್ಬಳ್ಳಿಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ದಾರಿಯೂ ಇದೆ. ಜಿಲ್ಲೆಯ ಗಡಿ ಚಿಕಿತ್ಸೆಗೆ ಅಡ್ಡಿಯಾಗಬಾರದು.

ನಾಲ್ಕನೆಯದಾಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಸೌಲಭ್ಯದಿಂದ ವಂಚಿತರಾಗಬಹುದು. ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರಿನ ವ್ಯತ್ಯಾಸವಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಲು ನೆರವಾಗುವುದು. ಶ್ರವಣದೋಷ ಉಳಿದವರಿಗೆ ವಿಕಲಚೇತನರ ಗುರುತಿನ ಚೀಟಿ ಮಾಡಿಸಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಪಡೆಯುವುದು. ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ಅನುದಾನವನ್ನು ನಿಯಮಾನುಸಾರ ಶ್ರವಣ ಸಾಧನಕ್ಕೆ ಬಳಸಿಕೊಳ್ಳುವ ಬಗ್ಗೆ ಪಂಚಾಯತಿಯ ಸಭೆಯಲ್ಲಿ ತೀರ್ಮಾನಿಸುವುದು.

ಐದನೆಯದಾಗಿ, ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವ, ಮೈಲಾರದ ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಆರೋಗ್ಯ ಇಲಾಖೆಯ ಸಹಯೋಗದಿಂದ ಕಿವಿ ತಪಾಸಣೆಯನ್ನು ಏರ್ಪಡಿಸುವುದು. ಪ್ರತಿವರ್ಷ ಮಾರ್ಚ್ 3ರಂದು ಆಚರಿಸುವ ವಿಶ್ವ ಶ್ರವಣ ದಿನವೂ ಇದಕ್ಕೆ ಅನುಕೂಲ.

ಈ ಯಾವ ಕಾರ್ಯಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಒಂದು ನೋಂದಣಿ ಪುಸ್ತಕ, ತಿಂಗಳಿಗೊಮ್ಮೆ ಕೇಳುವ ಮೂರು ಪ್ರಶ್ನೆ, ಅಂಜುವ ಕುಟುಂಬದ ಜೊತೆಗೆ ಒಂದು ದಿನದ ಬಸ್ ಪ್ರಯಾಣ ಇಷ್ಟು ಸಾಕು. ಸವೆದ ಎಲುಬು ಮತ್ತೆ ಬೆಳೆಯುವುದಿಲ್ಲ. ಸವೆಯುವ ಮೊದಲೇ ರೋಗವನ್ನು ತಡೆಯುವುದು ಸಾಧ್ಯವಿದೆ. ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ದುರ್ವಾಸನೆಯಿಂದ ಸೋರುವ ಒಂದು ಕಿವಿಯನ್ನಾದರೂ ಗುರುತಿಸಿ, ಬರುವ ಸಾಮಾನ್ಯ ಸಭೆಯ ಒಳಗಾಗಿ ತಜ್ಞ ವೈದ್ಯರಿಗೆ ತೋರಿಸಲೆಂದು ಕೋರಲಾಗಿದೆ.